ಲೈನರ್

ನಡುರಾತ್ರಿ ಎಚ್ಚರಾತು.
ಕರ್ ಕರ್ ಅಂತ ಸಪ್ಪಳ.
ನಿದ್ದಿಗಣ್ಣಾಗ ನನಗ ಮೊದಲು ಹೊಳದದ್ದು:
ಮಿಲ್ಲಿಗೆ ಅದಿರು ಬೀಳವಲ್ದು.

ಹಟ್ಟಿ ಗಣಿಯಾಗ ಹತ್ತೊಂಬತ್ತು ವರ್ಷ
ಬಾಲ್ ಮಿಲ್ಲಿನ ಮುಂದ ನಿಂತ ಕಿವಿ ಇದು.
ಹೊಟ್ಟಿ ತುಂಬಿದ ಮಿಲ್ಲು ಗುಮ್ಮ್ ಅಂತೈತಿ,
ಎಮ್ಮಿ ಮೆಲುಕು ಹಾಕಿದಂಗ.
ಖಾಲಿ ಆತಂದ್ರ ಚೀರ್ತೈತಿ,
ಕಬ್ಬಿಣ ಕಬ್ಬಿಣಾನ ತಿಂತೈತಿ.
ಅದೇ ಸಪ್ಪಳ, ನನ್ನ ದಿಂಬಿನ ಬಾಜೂಕ.

ಬಸಲಿಂಗಿ ಮಲಗಿದ್ಲು.
ಗದ್ದ ಒಂದೇ ಅಲುಗತಿತ್ತು.

"ನಾ ಹಲ್ಲು ಕಡದ್ನಾ? ಕನಸ ಕಂಡಿ ನೀ"
ಅಂದ್ಲು ಮುಂಜಾನೆ, ಕಪಾಳಕ್ಕ ಕೈ ಒತ್ತಿಕೊಂಡು,
ಕಂಡಕ್ಟರ್ ಚೀಲ ಹೆಗಲಿಗೇರಿಸಿ.
ನಮ್ಮವ್ವ ಅಂದ್ಲು: ಹೊಟ್ಯಾಗ ಜಂತು ಆಗ್ಯಾವ.
ನಾಲ್ವತ್ತರ ಹೆಂಗಸಿಗೆ ಜಂತಿನ ಔಷಧ ಕುಡಿಸಿದ್ವಿ,
ಎರಡು ಸಲ.

ಒಂದಿನ ಖಡಕ್ ರೊಟ್ಟಿ ತಿನ್ನೂ ಮುಂದ
ಬಾಯಾಗ ಹರಳು ಸಿಕ್ತು.
ಹಿಟ್ಟಿನ ಗಿರಣಿ ಖಾಸೀಮಸಾಬಗ ಬೈದಿದ್ದೇ ಬೈದದ್ದು.
ಅಂಗೈಗೆ ಉಗುಳಿ ನೋಡಿದ್ರ
ಆಕಿದೇ ದವಡಿ ಹಲ್ಲಿನ ಚೂರು.
ಇಬ್ಬರೂ ಬೆಳಕಿಗೆ ಹಿಡಿದು ನೋಡಿದ್ವಿ,
ಅದಿರಿನ ತುಂಡು ನೋಡಿದಂಗ,
ಬಂಗಾರ ಐತೇನು ಅಂತ.

ಲಿಂಗಸೂಗೂರಿನ ಹಲ್ಲಿನ ಡಾಕ್ಟರಮ್ಮ
ಗುಲಾಬಿ ಹಿಟ್ಟು ಕಲಸಿ ಬಾಯಿ ತುಂಬ ತುಂಬಿದ್ಲು.
"ಮೂಗಿಲೆ ಉಸಿರಾಡು, ಮಾತಾಡಬ್ಯಾಡ."
ಹಿಟ್ಟು ಗಟ್ಟಿಯಾಗೂತನ ಬಸಲಿಂಗಿ ಸುಮ್ಮನ ಕುಂತ್ಲು.
ದಿನಾ ಬಸ್ಸಿನ್ಯಾಗೂ ಹಂಗ ಅಂತ ಆಮ್ಯಾಲ ಹೇಳಿದ್ಲು:
ಐನೂರರ ನೋಟು ಚಾಚಿ ಹದಿನೈದರ ಟಿಕೀಟು ಕೇಳೋರು,
ಜಾಗ ಇದ್ರೂ ಮೈಗೆ ಮೈ ತಗಲಸಿ ನಿಲ್ಲೋರು,
"ಹೆಣ್ಣು ಕಂಡಕ್ಟರ್ ಹತ್ತಿದ್ರ ಗಾಡಿ ಲೇಟೇ" ಅನ್ನೋ ಡಿಪೋ ಸಾಹೇಬ.
ಎಲ್ಲಾರಿಗೂ ಒಂದು ಸೀಟಿ ಊದಿ
ಬಾಕಿದ್ದು ಬಾಯಾಗಿಟ್ಟುಕೊಳ್ಳೋದು.

ಅಚ್ಚು ರಾಯಚೂರಿಗೆ ಹೋತು.
ಎಂಟನೇ ದಿನ ಹೊಳ್ಳಿ ಬಂದದ್ದು ಆಕಿ ಬಸ್ಸಿನ್ಯಾಗ!
ಯಾವನೋ ಹುಡುಗ ರಟ್ಟಿನ ಡಬ್ಬಿ ಇಟ್ಟ,
ಈಕಿ ಲಗೇಜು ಟಿಕೀಟು ಹರದ್ಲು.
ಸಿರವಾರ ದಾಟಿದ ಮ್ಯಾಲೆ ರಸ್ತೆ ಕುಣಿಸ್ತು.
ಡಬ್ಬಿಯೊಳಗ ಏನೋ ಕಟಕಟ ಅಂತಿತ್ತು ಅಂತ
ಕವಿತಾಳದತನ ಕಾಲಿಲೆ ಒತ್ತಿ ಹಿಡದಿದ್ಲಂತ.
ತನ್ನ ಹಲ್ಲು ತಾನೇ.

ಸುಣ್ಣದ ಬಣ್ಣದ ಹಲ್ಲಿನ ಸಾಲು ಮೇಜಿನ ಮ್ಯಾಲೆ.
ಒಂದಕ್ಕೂ ಮೂಲಿ ಇಲ್ಲ, ಮೊನಿ ಇಲ್ಲ.
ಮುಷ್ಟಿಯಷ್ಟು ಗುಂಡು ಹಾಕ್ತೀವಿ ಮಿಲ್ಲಿಗೆ,
ಗೋಲಿಯಾಗಿ ಹೊರಗ ಬರ್ತಾವ. ಹಂಗ.
ಅದರ ಮ್ಯಾಲೆ ಕೂಡಿಸಿದ್ಲು, ನೀರಿನಂಥ ಒಂದು ಕವಚ.
"ಇದು ಕಡಿಯೋದನ್ನ ನಿಲ್ಲಸಂಗಿಲ್ಲ.
ಹಲ್ಲಿನ ಬದಲಿ ತಾನು ಸವೀತೈತಿ, ಅಷ್ಟ."
ಬಸಲಿಂಗಿ ನನ್ನ ಮಾರಿ ನೋಡಿದ್ಲು.
"ಲೈನರ್" ಅಂದೆ.
ಮಿಲ್ಲಿನ ಒಳಮೈಗೆ ಬಡದ ಹಲಗಿ,
ಸವೀಲಿ ಅಂತನ ಹಾಕೋದು.

ಮೊದಲ ರಾತ್ರಿ ನನಗ ಮತ್ತ ಎಚ್ಚರಾತು.
ಸಪ್ಪಳ ಇರಲಿಲ್ಲ, ಅದಕ್ಕ.
ಮಿಲ್ಲು ಟ್ರಿಪ್ ಆದಂಗ ಎದ್ದು ಕುಂತೆ.
ಕಿವಿ ಹತ್ರ ಒಯ್ದ್ರ
ಒಳಗೆಲ್ಲೋ ಗುಮ್ಮ್, ಗುಮ್ಮ್.

ಮೂರು ತಿಂಗಳಿಗೆ ತೋರಸಾಕ ಹೋದ್ವಿ.
ಎಡಕ್ಕ ಆಳವಾಗಿ ಗೆರಿ ಬಿದ್ದಿತ್ತು,
ಸೀಟಿ ಕಚ್ಚೋ ಕಡಿಗೆ.
"ನಾಕು ದಿನ ರಜಾ ಹಾಕು" ಅಂದ್ಲು ಡಾಕ್ಟರಮ್ಮ.
ನಾವು ಲೈನರ್ ಬದಲಸಾಕ ಮಿಲ್ಲನ್ನೇ ನಿಲ್ಲಸ್ತೀವಿ.
ಅರ್ಜಿ ನೋಡಿ ಡಿಪೋ ಸಾಹೇಬ ಕೇಳಿದನಂತ:
"ಏನು ಜಡ್ಡು?"
"ಹಲ್ಲು ಕಡಿಯೋದು, ಸರ್."
"ಯಾರ ಮ್ಯಾಲೆ?"

ಕೋಣಿಯಾಗಿದ್ದವರೆಲ್ಲ ನಕ್ಕರಂತ.
ಆವತ್ತು ಸೀಟಿ ಬಾಯಿಗಿಡಲಿಲ್ಲ ಬಸಲಿಂಗಿ.
ಹೇಳಿದ್ಲಂತ. ಏನು ಹೇಳಿದ್ಲೋ,
ನನಗ ಇನ್ನೂ ಹೇಳಿಲ್ಲ.
ಮನಿಗೆ ಬಂದು ಎರಡು ರೊಟ್ಟಿ ಹೆಚ್ಚಿಗಿ ತಿಂದು,
ಡಬ್ಬಿ ತೆರಿಯೋದು ಮರತು ಮಲಗಿದ್ಲು.

ಎಬ್ಬಸ್ಲೋ ಬ್ಯಾಡೋ ಅಂತ
ನಾ ಕಿವಿಗೊಟ್ಟು ಕುಂತೀನಿ.